ಹದಿಹರೆಯದವರ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕರೆಯೋಲೆ

ಮಗುವಿನ ಮೊದಲ ಹುಟ್ಟುಹಬ್ಬದ ಆಹ್ವಾನ ಪತ್ರಿಕೆಯನ್ನು ಹೆತ್ತವರು ಬರೆಯುತ್ತಾರೆ. ಹದಿನಾಲ್ಕನೆಯ ಹುಟ್ಟುಹಬ್ಬದ ಪತ್ರಿಕೆಯನ್ನು ಬರೆಯಬೇಕಾದವರು ಆ ಹುಡುಗ ಅಥವಾ ಹುಡುಗಿಯೇ. ಐದಾರು ವರ್ಷದ ಮಗುವಿಗೆ ಅಂಗಡಿಯಿಂದ ತಂದ ಬಣ್ಣದ ಕಾರ್ಡಿನಲ್ಲಿ ಹೆಸರು, ವೇಳೆ, ವಿಳಾಸಗಳ ಖಾಲಿ ಜಾಗ ತುಂಬಿದರೆ ಸಾಕಾಗುತ್ತಿತ್ತು. ಹದಿಮೂರು ದಾಟಿದ ಮೇಲೆ ಕರಡಿ, ಬಲೂನುಗಳ ಚಿತ್ರವಿರುವ ಅದೇ ಕಾರ್ಡು ಗೆಳೆಯರೆದುರು ಮುಜುಗರಕ್ಕೆ ಕಾರಣವಾಗಬಹುದು. ಮೊಬೈಲ್ ಸಂದೇಶವಾದರೋ ಕ್ಷಣಾರ್ಧದಲ್ಲಿ ಎಲ್ಲರನ್ನೂ ತಲುಪಿ, ಅಷ್ಟೇ ಬೇಗ ನೂರಾರು ಸಂದೇಶಗಳ ಅಡಿಗೆ ಸೇರಿಬಿಡುತ್ತದೆ. ಇವೆರಡರ ನಡುವೆ ಇರುವ ದಾರಿಯೇ ಮನೆಯಲ್ಲಿ ಕೈಯಾರೆ ತಯಾರಿಸಿದ ಆಹ್ವಾನ ಪತ್ರಿಕೆ. ಹತ್ತಿಪ್ಪತ್ತು ಮಂದಿಯನ್ನು ಕರೆಯುವ ಚಿಕ್ಕ ಕೂಟಕ್ಕೆ ಒಂದು ರಜಾದಿನದ ಶ್ರಮ, ಕೆಲವು ದಪ್ಪ ಹಾಳೆ, ಒಂದು ಅಳತೆಪಟ್ಟಿ ಇದ್ದರೆ ಸಾಕು. ಅದಕ್ಕೆ ಬೇಕಾದ ಸಿದ್ಧತೆ, ಅಳತೆ, ಅಲಂಕಾರ ಹಾಗೂ ಎಚ್ಚರಿಕೆಗಳ ವಿವರ ಇಲ್ಲಿದೆ.

ಓಲೆಯಿಂದ ಕಾರ್ಡಿನವರೆಗೆ

ಕನ್ನಡದ 'ಕರೆಯೋಲೆ' ಎಂಬ ಪದದಲ್ಲಿಯೇ ಅದರ ಚರಿತ್ರೆ ಅಡಗಿದೆ. ಓಲೆ ಎಂದರೆ ಬರೆಯಲು ಬಳಸುತ್ತಿದ್ದ ತಾಳೆಗರಿ. ಕಾಗದ ಬಂದ ಮೇಲೂ ಹೆಸರು ಉಳಿಯಿತು. ಮದುವೆ, ಗೃಹಪ್ರವೇಶಗಳ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು, ಮನೆಮನೆಗೆ ಹೋಗಿ ಕುಂಕುಮವಿಟ್ಟು, ಅಕ್ಷತೆ ಕೊಟ್ಟು ಕರೆಯುವುದು ಇಂದಿಗೂ ಕರ್ನಾಟಕದ ಮನೆಗಳಲ್ಲಿ ಉಳಿದುಬಂದಿರುವ ಪದ್ಧತಿ. ಕರೆಯುವವರು ಬಾಗಿಲಿಗೆ ಬಂದಿದ್ದಾರೆ ಎಂಬುದೇ ಅಲ್ಲಿ ಮುಖ್ಯ. ಮುದ್ರಿತ ಕಾಗದ ನೆನಪಿಗಾಗಿ ಮಾತ್ರ. ಹುಟ್ಟುಹಬ್ಬದ ಪತ್ರಿಕೆ ಇತ್ತೀಚಿನ ರೂಢಿಯಾದರೂ ಕೈಯಿಂದ ಮಾಡಿ, ಕೈಯಾರೆ ಕೊಡುವ ಕಾರ್ಡು ಈ ಹಳೆಯ ಮರ್ಯಾದೆಗೆ ಹತ್ತಿರದ್ದು.

ಆದರೆ ಮದುವೆ ಪತ್ರಿಕೆಯ ಭಾಷೆಯನ್ನು ಇಲ್ಲಿಗೆ ತರುವುದು ತರವಲ್ಲ. 'ಸಹಕುಟುಂಬ ಪರಿವಾರ ಸಮೇತರಾಗಿ' ಎಂಬ ಸಾಲನ್ನು ಅಭ್ಯಾಸಬಲದಿಂದ ಬರೆದರೆ ಹದಿನೈದು ಮಂದಿಗೆ ಮಾಡಿದ ಅಡುಗೆಗೆ ನಲವತ್ತು ಮಂದಿ ಬರಬಹುದು. ಹದಿಹರೆಯದವರ ಕೂಟಕ್ಕೆ ಕರೆಯುತ್ತಿರುವುದು ಯಾರನ್ನು ಎಂಬುದು ಪತ್ರಿಕೆಯಿಂದಲೇ ಸ್ಪಷ್ಟವಾಗಬೇಕು.

ಪತ್ರಿಕೆ ಯಾರದು?

ಕೆಲಸ ಆರಂಭಿಸುವ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆ ಇದು. ತಾಯಿಗೆ ಗುಲಾಬಿ ಬಣ್ಣದ ಅಂಚು ಇಷ್ಟವಿರಬಹುದು, ತಂದೆಗೆ ಮಗಳ ಬಾಲ್ಯದ ಭಾವಚಿತ್ರ ಮುಖಪುಟದಲ್ಲಿರಬೇಕೆಂಬ ಆಸೆಯಿರಬಹುದು. ಆದರೆ ಆ ಕಾರ್ಡು ಮರುದಿನ ತರಗತಿಯಲ್ಲಿ ಕೈಯಿಂದ ಕೈಗೆ ಹೋಗುವಾಗ ಅಲ್ಲಿ ಕುಳಿತಿರುವವಳು ಮಗಳು. ಮನೆಯವರು ಪ್ರೀತಿಯಿಂದ ಕರೆಯುವ ಮುದ್ದಿನ ಹೆಸರು, ತೊಟ್ಟಿಲಲ್ಲಿದ್ದಾಗಿನ ಚಿತ್ರ, ಪರೀಕ್ಷೆಯಲ್ಲಿ ಗಳಿಸಿದ ಅಂಕದ ಹೊಗಳಿಕೆ ಇವೆಲ್ಲ ಅವಳ ಒಪ್ಪಿಗೆಯಿಲ್ಲದೆ ಕಾರ್ಡಿಗೆ ಬರಬಾರದು.

ಕೆಲಸವನ್ನು ಹಂಚಿಕೊಳ್ಳುವುದು ಒಳ್ಳೆಯ ಉಪಾಯ. ವಿನ್ಯಾಸ, ಬಣ್ಣ, ಒಕ್ಕಣೆ ಮಕ್ಕಳ ಪಾಲಿಗೆ. ಎಷ್ಟು ಮಂದಿ, ಎಷ್ಟು ಹೊತ್ತಿನವರೆಗೆ, ಎಷ್ಟು ಖರ್ಚು ಎಂಬುದು ಹೆತ್ತವರ ಪಾಲಿಗೆ. ಈ ಗೆರೆಯನ್ನು ಮೊದಲೇ ಎಳೆದುಕೊಂಡರೆ ಮುಂದಿನ ಜಗಡಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಕೂಟವೇ ಬೇಡ, ಇಬ್ಬರು ಗೆಳತಿಯರೊಡನೆ ಸಿನಿಮಾಕ್ಕೆ ಹೋದರೆ ಸಾಕು ಎಂದು ಮಗಳು ಹೇಳಿದರೆ ಎರಡೇ ಕಾರ್ಡು ಸಾಕು. ಎರಡು ಕಾರ್ಡನ್ನು ಮಾಡುವ ಸೊಗಸೇ ಬೇರೆ.

ಅತಿಥಿಗಳ ಪಟ್ಟಿ

ಕಾರ್ಡಿಗಿಂತ ಕಷ್ಟದ ಕೆಲಸ ಪಟ್ಟಿಯದು. ಹದಿಹರೆಯದಲ್ಲಿ ಗೆಳೆತನ ಕೂಡುವುದೂ ಮುರಿಯುವುದೂ ಬೇಗ. ತರಗತಿಯ ಮೂವತ್ತು ಮಂದಿಯಲ್ಲಿ ಇಪ್ಪತ್ತೆಂಟು ಮಂದಿಯನ್ನು ಕರೆದು ಇಬ್ಬರನ್ನು ಬಿಟ್ಟರೆ ಆ ಇಬ್ಬರಿಗೆ ಆಗುವ ನೋವನ್ನು ಹಿರಿಯರು ಲಘುವಾಗಿ ಎಣಿಸುವುದುಂಟು. ಎಲ್ಲರನ್ನೂ ಕರೆಯುವುದು, ಇಲ್ಲವೇ ಆಪ್ತರಾದ ಕೆಲವರನ್ನಷ್ಟೇ ಕರೆಯುವುದು ಸರಿಯಾದ ಕ್ರಮ. ಕೆಲವರನ್ನಷ್ಟೇ ಕರೆಯುವುದಾದರೆ ಕಾರ್ಡುಗಳನ್ನು ತರಗತಿಯಲ್ಲಿ ಎಲ್ಲರೆದುರು ಹಂಚದೆ, ಮನೆಗೆ ಹೋಗಿ ಅಥವಾ ಅಂಚೆಯ ಮೂಲಕ ತಲುಪಿಸಬೇಕು.

ಇನ್ನೊಂದು ವಿಷಯ ಉಡುಗೊರೆಯದು. ಒಂದೇ ಬೆಂಚಿನಲ್ಲಿ ಕುಳಿತವರ ಮನೆಯ ಸ್ಥಿತಿ ಒಂದೇ ಆಗಿರುವುದಿಲ್ಲ. ಬರಿಗೈಯಲ್ಲಿ ಹೋಗಲು ನಾಚಿ ಕೂಟಕ್ಕೇ ಬಾರದೆ ಉಳಿಯುವ ಮಕ್ಕಳಿದ್ದಾರೆ. 'ಉಡುಗೊರೆ ಬೇಡ, ನೀನು ಬಂದರೆ ಸಾಕು' ಎಂಬ ಒಂದು ಸಾಲು ಅವರ ಸಂಕೋಚವನ್ನು ಕಳೆಯಬಲ್ಲದು. ಎಲ್ಲರೂ ಇಂಥದೇ ಬಣ್ಣದ ಹೊಸ ಉಡುಪು ತೊಟ್ಟು ಬರಬೇಕೆಂಬ ನಿಯಮವನ್ನೂ ಇದೇ ಕಾರಣಕ್ಕೆ ಕೈಬಿಡುವುದು ಲೇಸು.

ಏನೇನು ಬರೆಯಬೇಕು?

ಆಹ್ವಾನ ಪತ್ರಿಕೆಯಲ್ಲಿ ಈ ಕೆಳಗಿನ ವಿವರಗಳು ಇರಲೇಬೇಕು.

* ಕರೆಯಲ್ಪಟ್ಟವರ ಹೆಸರು. ಮುಚ್ಚೋಲೆಯ ಮೇಲಷ್ಟೇ ಬರೆಯದೆ ಕಾರ್ಡಿನ ಒಳಗೂ ಕೈಬರಹದಲ್ಲಿ ಬರೆಯಬೇಕು.
* ಕೂಟ ನಡೆಯುವ ದಿನಾಂಕ ಮತ್ತು ವಾರ. ತಿಥಿ ಅಥವಾ ಜನ್ಮನಕ್ಷತ್ರದ ಪ್ರಕಾರ ಹುಟ್ಟುಹಬ್ಬ ಆಚರಿಸುವ ಮನೆಗಳಲ್ಲಿ ಪೂಜೆ ಒಂದು ದಿನ, ಗೆಳೆಯರ ಕೂಟ ಮತ್ತೊಂದು ದಿನ ಇರುವುದುಂಟು. ಕಾರ್ಡಿನಲ್ಲಿ ಕೂಟದ ದಿನ ಮಾತ್ರ ಇರಲಿ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ ಖಚಿತಪಡಿಸಿಕೊಳ್ಳಬೇಕು. ಅತಿ ಹೆಚ್ಚು ತಪ್ಪಾಗುವ ಜಾಗ ಇದೇ.
* ಆರಂಭದ ವೇಳೆಯ ಜೊತೆಗೆ ಮುಗಿಯುವ ವೇಳೆ. 'ಸಂಜೆ 4ರಿಂದ 7' ಎಂದಿದ್ದರೆ ಕರೆದೊಯ್ಯಲು ಬರುವ ಹೆತ್ತವರಿಗೆ ಅನುಕೂಲ. ಶಬ್ದಮಾಲಿನ್ಯ ನಿಯಂತ್ರಣ ಕುರಿತ 2000ನೇ ಇಸವಿಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಾಂಗಣದಲ್ಲಿ ಧ್ವನಿವರ್ಧಕ ಬಳಸುವುದನ್ನು ನಿರ್ಬಂಧಿಸಿವೆ ಎಂಬುದೂ ನೆನಪಿರಲಿ.
* ಸ್ಥಳ ಮತ್ತು ಹತ್ತಿರದ ಗುರುತು. ನಗರಗಳಲ್ಲಿ ಒಂದೇ ಹೆಸರಿನ ಅಡ್ಡರಸ್ತೆಗಳು ಹಲವಾರು ಇರುವುದರಿಂದ ಬಡಾವಣೆಯ ಹಂತ, ಮುಖ್ಯರಸ್ತೆಯ ಸಂಖ್ಯೆ ಬಿಟ್ಟುಹೋಗಬಾರದು.
* ಹಿರಿಯರೊಬ್ಬರ ದೂರವಾಣಿ ಸಂಖ್ಯೆ ಮತ್ತು ಉತ್ತರ ತಿಳಿಸಬೇಕಾದ ಕೊನೆಯ ದಿನ. ಕೂಟಕ್ಕೆ ಐದು ದಿನ ಮುಂಚಿನ ದಿನವನ್ನು ಕೊಡುವುದು ಸೂಕ್ತ.
* ಆಹಾರದ ಬಗ್ಗೆ ಒಂದು ಮಾತು. ಕೇಕಿನಲ್ಲಿ ಮೊಟ್ಟೆ ಇದೆಯೇ, ಕಡಲೆಕಾಯಿ ಅಥವಾ ಗೋಡಂಬಿ ಯಾರಿಗಾದರೂ ಒಗ್ಗುವುದಿಲ್ಲವೇ ಎಂಬುದನ್ನು ಮುಂಚಿತವಾಗಿ ತಿಳಿಯಲು 'ತಿನ್ನಬಾರದ್ದೇನಾದರೂ ಇದ್ದರೆ ತಿಳಿಸು' ಎಂಬ ಸಾಲು ಸಾಕು.

ಒಕ್ಕಣೆ ಚಿಕ್ಕದಾಗಿರಲಿ. 'ನನಗೆ ಹದಿನೈದು ತುಂಬುತ್ತಿದೆ. ಭಾನುವಾರ ಸಂಜೆ ನಮ್ಮ ಮನೆಯ ತಾರಸಿಯಲ್ಲಿ ಕೇರಂ, ಹಾಡು, ಬಿಸಿ ಬಿಸಿ ಬಜ್ಜಿ. ನೀನು ಬರಲೇಬೇಕು' ಎಂಬಷ್ಟು ಸರಳವಾದ ಮಾತಿನಲ್ಲಿ ಕರೆಯುವವರ ದನಿ ಕೇಳಿಸುತ್ತದೆ.

ಕಾಗದ ಮತ್ತು ಅಳತೆ

ಜೆರಾಕ್ಸ್ ಅಂಗಡಿಗಳಲ್ಲಿ ಬಳಸುವ ಸಾಮಾನ್ಯ ಹಾಳೆ ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುತ್ತದೆ. ಕಾರ್ಡಿಗೆ ಇದು ತೀರ ತೆಳು. ಲೇಖನ ಸಾಮಗ್ರಿಯ ಅಂಗಡಿಯಲ್ಲಿ 200ರಿಂದ 250 ಗ್ರಾಮಿನ ಹಾಳೆ ಕೇಳಿ ಪಡೆಯಬೇಕು. ಕೈಕಾಗದವೂ ಚೆನ್ನ, ಆದರೆ ಅದರ ಒರಟು ಮೈಮೇಲೆ ಶಾಯಿ ಹರಡುವುದುಂಟಾದ್ದರಿಂದ ಮೊದಲು ಒಂದು ತುಂಡಿನಲ್ಲಿ ಬರೆದು ನೋಡುವುದು ಒಳ್ಳೆಯದು.

ಎ4 ಹಾಳೆಯ ಅಳತೆ 210 ಮಿ.ಮೀ. x 297 ಮಿ.ಮೀ. ಉದ್ದನೆಯ ಬದಿಯನ್ನು ಅರ್ಧಕ್ಕೆ ಕತ್ತರಿಸಿದರೆ 148 x 210ರ ಎರಡು ಎ5 ತುಂಡುಗಳು ದೊರೆಯುತ್ತವೆ. ಪ್ರತಿ ತುಂಡನ್ನೂ ಮಧ್ಯಕ್ಕೆ ಮಡಿಸಿದರೆ 148 x 105ರ ಎ6 ಕಾರ್ಡು ಸಿದ್ಧ. ಇದು ಮಾರುಕಟ್ಟೆಯಲ್ಲಿ ಸಿಗುವ 114 x 162 ಅಳತೆಯ ಸಿ6 ಲಕೋಟೆಯೊಳಗೆ ಸರಿಯಾಗಿ ಕೂರುತ್ತದೆ. ಹದಿನೈದು ಅತಿಥಿಗಳಿದ್ದರೆ ಹಾಳಾಗುವುದಕ್ಕೆಂದು ಮೂರು ಹೆಚ್ಚು ಸೇರಿಸಿ ಹದಿನೆಂಟು ಕಾರ್ಡು, ಅಂದರೆ ಒಂಬತ್ತು ಎ4 ಹಾಳೆ ಬೇಕು.

ದಪ್ಪ ಕಾಗದವನ್ನು ನೇರವಾಗಿ ಮಡಿಸಿದರೆ ಮಡಿಕೆಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಮರಕ್ಕಿರುವಂತೆ ಕಾಗದಕ್ಕೂ ನಾರಿನ ಎಳೆಯ ದಿಕ್ಕಿದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿದಾಗ ಯಾವ ಕಡೆ ಸುಲಭವಾಗಿ ಬಾಗುತ್ತದೆಯೋ ಆ ಮಡಿಕೆ ಎಳೆಗೆ ಸಮಾನಾಂತರವಾಗಿರುತ್ತದೆ. ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ ಉದ್ದನೆಯ ಬದಿಗಿರುವುದರಿಂದ ಮೇಲೆ ಹೇಳಿದ ಕ್ರಮದಲ್ಲಿ ಮಡಿಕೆ ತಾನಾಗಿಯೇ ಎಳೆಯ ಜೊತೆಗೆ ಬೀಳುತ್ತದೆ. ಮಡಿಸುವ ಮುನ್ನ ಶಾಯಿ ಮುಗಿದ ಬಾಲ್‌ಪೆನ್ನಿನಿಂದ, ಉಕ್ಕಿನ ಅಳತೆಪಟ್ಟಿ ಹಿಡಿದು, ಮಡಿಕೆಯ ಗೆರೆಯ ಮೇಲೆ ಒಮ್ಮೆ ಒತ್ತಿ ಎಳೆಯಬೇಕು. ಆಗ ಅಂಚು ಅಚ್ಚುಕಟ್ಟಾಗಿ ಬರುತ್ತದೆ.

ಲಕೋಟೆಯನ್ನೂ ಮನೆಯಲ್ಲೇ ಮಾಡಬಹುದು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಎ4 ಗಾತ್ರದ ತುಂಡು ಕತ್ತರಿಸಿಕೊಂಡು, ನಡುವೆ 158 ಮಿ.ಮೀ. ಅಗಲ ಬಿಟ್ಟು ಎರಡೂ ಪಕ್ಕಕ್ಕೆ 20 ಮಿ.ಮೀ. ಅಂಟಿನ ಪಟ್ಟಿ ಇರಿಸಬೇಕು. ಎತ್ತರದಲ್ಲಿ 113 ಮಿ.ಮೀ.ಗಳ ಎರಡು ಭಾಗ, ಮೇಲೆ 45 ಮಿ.ಮೀ.ಗಳ ಮುಚ್ಚಳ. ಮುಚ್ಚಳದ ಭಾಗ ಹಾಗೂ ಕೆಳಗಿನ ಭಾಗದ ಪಕ್ಕಗಳಲ್ಲಿರುವ ಪಟ್ಟಿಯನ್ನು ಕತ್ತರಿಸಿ ತೆಗೆದು, ನಡುವಿನ ಭಾಗದ ಪಟ್ಟಿಗಳನ್ನು ಒಳಗೆ ಮಡಚಿ, ಕೆಳಗಿನ ಭಾಗವನ್ನು ಅವುಗಳ ಮೇಲೆ ಅಂಟಿಸಿದರೆ ಲಕೋಟೆ ಮುಗಿಯಿತು. ಅಂಟಿಗೆ ಮೈದಾ ಕುದಿಸಿದ ಗಂಜಿ ಸಾಕು.

ಅಲಂಕಾರದ ನಾಲ್ಕು ದಾರಿಗಳು

ಕಸೂತಿ ಚಿತ್ತಾರ: ಧಾರವಾಡ ಸೀಮೆಯ ಕಸೂತಿ ಎಳೆ ಎಣಿಸಿ ಹಾಕುವ ಕಲೆಯಾದ್ದರಿಂದ ಅದನ್ನು ಚೌಕಳಿ ಹಾಳೆಗೆ ಇಳಿಸುವುದು ಸುಲಭ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬುವು ಅದರ ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಗೆರೆಗಳು ಅಡ್ಡ, ಉದ್ದ ಅಥವಾ ಓರೆಯಾಗಿ ಸಾಗುತ್ತವೆ. ಮೆಂತಿ ಕತ್ತರಿ ಹೊಲಿಗೆ. ಕಾರ್ಡಿನ ಮುಖದಲ್ಲಿ ಅಂಚು ಬಿಟ್ಟು 5 ಮಿ.ಮೀ. ಚೌಕಗಳನ್ನು ಪೆನ್ಸಿಲಿನಲ್ಲಿ ಹಾಕಿದರೆ ಅಗಲಕ್ಕೆ 25, ಎತ್ತರಕ್ಕೆ 17 ಚೌಕ ಸಿಗುತ್ತವೆ. ಎರಡೂ ಬೆಸ ಸಂಖ್ಯೆಯಾದ್ದರಿಂದ ನಟ್ಟನಡುವೆ ಒಂದು ಚೌಕ ಉಳಿದು, ಗೋಪುರ, ತೇರು, ದೀಪಗಳನ್ನು ಎರಡೂ ಕಡೆ ಸಮವಾಗಿ ಬಿಡಿಸಬಹುದು. ಆಪ್ತ ಗೆಳತಿಯ ಒಂದು ಕಾರ್ಡಿಗೆ ಸೂಜಿಯಿಂದ ತೂತು ಮಾಡಿ ನಿಜವಾದ ದಾರದಲ್ಲೇ ಗವಂತಿ ಹಾಕಬಹುದು. ಹೋದ ದಾರಿಯಲ್ಲೇ ಹಿಂತಿರುಗುವ ಹೊಲಿಗೆಯಾದ್ದರಿಂದ ವಿನ್ಯಾಸದ ಗೆರೆಯ ಒಟ್ಟು ಉದ್ದದ ಎರಡರಷ್ಟಕ್ಕಿಂತ ತುಸು ಹೆಚ್ಚು ದಾರ ಬೇಕಾಗುತ್ತದೆ.

ತರಕಾರಿ ಅಚ್ಚು: ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಹೂವಿನಂಥ ಅಚ್ಚು ತಾನಾಗಿಯೇ ಸಿದ್ಧ. ಆಲೂಗಡ್ಡೆಯ ಹೋಳಿನ ಮೇಲೆ ಬೇಕಾದ ಆಕಾರ ಕೊರೆಯಬಹುದು. ಅಕ್ಷರ ಕೊರೆಯುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುವಿ ಕೊರೆಯಬೇಕು. ಹೋಳಿನ ತೇವವನ್ನು ಬಟ್ಟೆಯಿಂದ ಒರೆಸಿ, ಗಟ್ಟಿಯಾದ ಪೋಸ್ಟರ್ ಬಣ್ಣ ಹಚ್ಚಿದರೆ ಅಚ್ಚು ಕಲೆಸುವುದಿಲ್ಲ. ಬೀಟ್‌ರೂಟಿನ ರಸ ನೋಡಲು ಚೆಂದವಾದರೂ ಬೇಗ ಮಾಸುತ್ತದೆ.

ಎದ್ದುನಿಲ್ಲುವ ಚಿತ್ರ: ಕಾರ್ಡನ್ನು ಮಡಿಸಿ, ಮಡಿಕೆಯ ಕಡೆಯಿಂದ 30 ಮಿ.ಮೀ. ಉದ್ದದ ಎರಡು ಸಮಾನಾಂತರ ಸೀಳು ಕತ್ತರಿಸಬೇಕು. ಕಾರ್ಡನ್ನು ಬಿಡಿಸಿ ಆ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಮೆಟ್ಟಿಲಿನ ಆಕಾರ ಮೂಡುತ್ತದೆ. ಅದರ ಎದುರು ಮುಖಕ್ಕೆ ಚಿತ್ರ ಅಂಟಿಸಿದರೆ ಕಾರ್ಡು ತೆರೆದಾಗ ಚಿತ್ರ ಎದ್ದು ನಿಲ್ಲುತ್ತದೆ. ಚಿತ್ರದ ಎತ್ತರ 65 ಮಿ.ಮೀ. ಮೀರಬಾರದು, 75 ದಾಟಿದರೆ ಕಾರ್ಡು ಮುಚ್ಚಿದಾಗ ಹೊರಗೆ ಇಣುಕುತ್ತದೆ. ಸೀಳು ಹೊರಮುಖದಲ್ಲಿ ಕಾಣದಂತೆ ಹೊರಗೆ ಇನ್ನೊಂದು ಹಾಳೆ ಅಂಟಿಸಬೇಕು. ಆಗ ಪಟ್ಟಿಯ ಭಾಗಕ್ಕೆ ಅಂಟು ತಾಗದಂತೆ ನೋಡಿಕೊಳ್ಳುವುದು ಅಗತ್ಯ.

ಅಡಗಿದ ಬರಹ: ಅರಿಶಿನ ಕ್ಷಾರದ ಜೊತೆ ಸೇರಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದರ ಗುಟ್ಟೂ ಇದೇ. ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ, ಕುಂಚದಿಂದ ಕಾಗದದ ಚೂರಿನ ಮೇಲೆ ಬರೆದು ಒಣಗಿಸಿದರೆ ಅಕ್ಷರ ಕಾಣುವುದಿಲ್ಲ. ಅದರ ಮೇಲೆ ಅರಿಶಿನದ ನೀರು ಸವರಿದಾಗ ಅಕ್ಷರಗಳು ಕೆಂಪುಗಂದಾಗಿ ಮೂಡುತ್ತವೆ. ಆಟದ ಸುಳಿವು, ಒಗಟುಗಳಿಗೆ ಇದನ್ನು ಬಳಸಬಹುದು. ದಿನಾಂಕ, ವಿಳಾಸಗಳನ್ನು ಮಾತ್ರ ಸಾದಾ ಶಾಯಿಯಲ್ಲೇ ಬರೆಯಬೇಕು.

ಕಂಪ್ಯೂಟರ್ ಬಳಸುವುದಾದರೆ

ಒಕ್ಕಣೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮುದ್ರಿಸುವವರು ಕನ್ನಡದ ಅಕ್ಷರಶೈಲಿಯ ಬಗ್ಗೆ ಎಚ್ಚರ ವಹಿಸಬೇಕು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಜೋಡಿಸಿದ ಕಡತವನ್ನು ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣಿಸುವುದುಂಟು. ಯೂನಿಕೋಡಿನಲ್ಲಿ ಜೋಡಿಸಿ, ಪಿಡಿಎಫ್ ರೂಪಕ್ಕೆ ಪರಿವರ್ತಿಸಿಕೊಂಡು ಹೋದರೆ ಈ ತೊಂದರೆಯಿಲ್ಲ. ಎಲ್ಲ ಪ್ರತಿಗಳನ್ನು ಮುದ್ರಿಸುವ ಮುನ್ನ ಒಂದು ಪ್ರತಿ ತೆಗೆದು ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಓದಿ ನೋಡಬೇಕು. ಮುದ್ರಿತ ಕಾರ್ಡಿನಲ್ಲೂ ಅತಿಥಿಯ ಹೆಸರು ಮತ್ತು ಕೊನೆಯ ಸಹಿ ಕೈಬರಹದಲ್ಲೇ ಇರಲಿ.

ಬೇಡವಾದ ಹೊಳಪು

ಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವ ರೂಢಿಯನ್ನು ಬಿಡಬೇಕಾಗಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಆಹ್ವಾನ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೊಕೋಲ್ ಮೂರೂ ಸೇರಿವೆ. ಮಿನುಗುಪುಡಿಯ ಬಹುಪಾಲು ಪ್ಲಾಸ್ಟಿಕ್ಕಿನ ಸೂಕ್ಷ್ಮ ಚೂರು. ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಿಂದ ಇಂಥ ಬಿಡಿ ಪುಡಿಯ ಮಾರಾಟಕ್ಕೆ ನಿರ್ಬಂಧ ಹೇರಿದೆ. ಬಣ್ಣದ ಕಾಗದದ ಚೂರು, ಒಣಗಿಸಿ ಒತ್ತಿದ ಹೂವಿನ ಎಸಳು ಅದೇ ಕೆಲಸ ಮಾಡುತ್ತವೆ.

ಊರೆಲ್ಲ ಬಂದ ಹುಟ್ಟುಹಬ್ಬ

ಆಹ್ವಾನ ಯಾರ ಕೈಗೆ ಹೋಗುತ್ತದೆ ಎಂಬುದು ಏಕೆ ಮುಖ್ಯ ಎನ್ನುವುದಕ್ಕೆ ನೆದರ್ಲೆಂಡ್ಸ್‌ನ ಹಾರೆನ್ ಎಂಬ ಪಟ್ಟಣದ ಪ್ರಸಂಗ ಸಾಕ್ಷಿ. 2012ರಲ್ಲಿ ಅಲ್ಲಿನ ಹುಡುಗಿಯೊಬ್ಬಳು ತನ್ನ ಹದಿನಾರನೆಯ ಹುಟ್ಟುಹಬ್ಬಕ್ಕೆ ಫೇಸ್‌ಬುಕ್ ಮೂಲಕ ಗೆಳೆಯರನ್ನು ಕರೆದಳು. ಆಹ್ವಾನವನ್ನು ಖಾಸಗಿಯಾಗಿ ಇರಿಸಲು ಮರೆತದ್ದರಿಂದ ಅದು ಸಹಸ್ರಾರು ಅಪರಿಚಿತರನ್ನು ತಲುಪಿತು. ಆಕೆ ಅದನ್ನು ಹಿಂತೆಗೆದುಕೊಂಡರೂ ಪ್ರಚಾರ ನಿಲ್ಲಲಿಲ್ಲ. ಸೆಪ್ಟೆಂಬರ್ 21ರ ಸಂಜೆ ಆ ಪುಟ್ಟ ಊರಿಗೆ ಸಾವಿರಾರು ಮಂದಿ ಬಂದಿಳಿದರು. ಕಲ್ಲುತೂರಾಟ, ಅಂಗಡಿ ಲೂಟಿ ನಡೆದು, ಗಲಭೆ ನಿಗ್ರಹ ಪೊಲೀಸರನ್ನು ಕರೆಸಬೇಕಾಯಿತು. ಹುಡುಗಿಯ ಕುಟುಂಬ ಮನೆ ಬಿಟ್ಟು ಬೇರೆಡೆ ತಂಗಿತ್ತು.

ಕಾಗದದ ಕಾರ್ಡು ಹೀಗೆ ಹರಡುವುದಿಲ್ಲವಾದರೂ ಅದರ ಚಿತ್ರ ತೆಗೆದು ಹಂಚುವವರಿದ್ದಾರೆ. ಆದ್ದರಿಂದ ಮನೆಯ ಪೂರ್ಣ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಒಳಗಿಡುವ ಪ್ರತ್ಯೇಕ ಚೀಟಿಯಲ್ಲಿ ಬರೆಯುವುದು ಜಾಣತನ. ಹುಟ್ಟಿದ ಇಸವಿ, ಶಾಲೆಯ ಹೆಸರು, ಭಾವಚಿತ್ರ ಇವುಗಳ ಅಗತ್ಯವಿಲ್ಲ. ಅತಿಥಿಗಳಿಗೆ ಅವು ಗೊತ್ತೇ ಇರುತ್ತವೆ.

ತಲುಪಿಸುವುದು

ಕೂಟಕ್ಕೆ ಎರಡು ಮೂರು ವಾರ ಮೊದಲು ಕಾರ್ಡು ಕೈಸೇರಬೇಕು. ಬೇಗ ಕೊಟ್ಟರೆ ಮರೆಯುತ್ತಾರೆ, ತಡವಾದರೆ ಬೇರೆ ಕಾರ್ಯಕ್ರಮ ಇಟ್ಟುಕೊಂಡಿರುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಗಳಿದ್ದರೆ ಪರೀಕ್ಷಾ ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಬೇಕು. ಅಂಚೆಯಲ್ಲಿ ಕಳುಹಿಸುವುದಾದರೆ ಆರು ಅಂಕಿಗಳ ಪಿನ್‌ಕೋಡ್ ತಪ್ಪದೆ ಬರೆಯಬೇಕು. ಎದ್ದುನಿಲ್ಲುವ ಚಿತ್ರವಿರುವ ದಪ್ಪ ಲಕೋಟೆಯನ್ನು ಅಂಚೆ ಕಚೇರಿಯಲ್ಲಿ ತೂಗಿಸಿಯೇ ಅಂಚೆಚೀಟಿ ಹಚ್ಚಬೇಕು; ಇಲ್ಲವಾದರೆ ಬಾಕಿ ಹಣವನ್ನು ಅತಿಥಿಯೇ ತೆರಬೇಕಾದೀತು. ಉತ್ತರ ಬಾರದವರ ಮನೆಗೆ ಹಿರಿಯರೊಬ್ಬರು ಫೋನ್ ಮಾಡಿ ವಿಚಾರಿಸುವುದು ಸೌಜನ್ಯ. ಹದಿಹರೆಯದವರು ಬರುತ್ತೇನೆಂದು ತಲೆಯಾಡಿಸಿ, ಮನೆಯಲ್ಲಿ ಹೇಳಲು ಮರೆತಿರುವುದು ಅಪರೂಪವೇನಲ್ಲ.

ಹೆಚ್ಚಾಗಿ ಮಾಡಿದ ಮೂರು ಕಾರ್ಡುಗಳಲ್ಲಿ ಹಾಳಾಗದೆ ಉಳಿದದ್ದನ್ನು ಎಸೆಯಬಾರದು. ಪಟ್ಟಿಯಲ್ಲಿ ಬಿಟ್ಟುಹೋದ ಹೆಸರೊಂದು ಕೊನೆಯ ವಾರದಲ್ಲಿ ನೆನಪಾಗುವುದುಂಟು. ಅದು ಬಹಳ ದಿನಗಳಿಂದ ಮಾತು ಬಿಟ್ಟ ಗೆಳತಿಯ ಹೆಸರಾಗಿದ್ದರೆ ಆ ಒಂದು ಕಾರ್ಡು ಉಳಿದ ಹದಿನೈದಕ್ಕಿಂತ ಹೆಚ್ಚಿನ ಕೆಲಸ ಮಾಡೀತು.